ಅಲ್ಪಪ್ರಾಣದ ಅರ್ಜಿ

ಶ್ರೀರಂಗಪಟ್ಟಣ. ತಾಲ್ಲೂಕು ಕಚೇರಿ ಎದುರು ಹೊಂಗೆಮರ,
ಮರದಡಿ ನನ್ನ ಮೇಜು, ಮೇಜಿನ ಮೇಲೆ
ಮಾವ ಬಿಟ್ಟುಹೋದ ಟೈಪ್‌ರೈಟರು.
ಹೊಟ್ಟೆ ಸೀಳುವ ಗೀಟಿನ ಕೀಲಿ ಮುರಿದು ಆರು ವರ್ಷ,
ಅಂದಿನಿಂದ ನನ್ನ ಅರ್ಜಿಗಳಲ್ಲಿ ಮಹಾಪ್ರಾಣವಿಲ್ಲ.
ವಿಧವಾ ವೇತನ, ವಿದವಾ ವೇತನವಾಗಿಯೇ ಹೋಗುತ್ತದೆ,
ಮಂಜೂರೂ ಆಗುತ್ತದೆ, ಒಂದೂವರೆ ವರ್ಷಕ್ಕೆ.

ಪೌತಿ ಖಾತೆ, ಪೋಡಿ, ನಾಲೆಯ ಹೂಳು,
ಪಡಿತರ ಚೀಟಿಯಲ್ಲಿ ಬಿಟ್ಟುಹೋದ ಸೊಸೆಯ ಹೆಸರು:
ಇಷ್ಟರಲ್ಲೇ ನನ್ನ ಲೋಕ ಮುಗಿಯುತ್ತಿತ್ತು.
ಆ ಮಂಗಳವಾರ ಒಂದೇ ಗೂಡ್ಸ್ ಆಟೋದಲ್ಲಿ
ಏಳು ಜನ ಬಂದಿಳಿದರು.
"ಎಂಪಿಗೊಂದು, ಎಮ್ಮೆಲ್ಲೆಗೊಂದು ಹೊಡಿ ಕಣವ್ವ.
ಯುದ್ದ ಬ್ಯಾಡ ಅಂತ.
ಅಲ್ಲಿ ಎಲ್ಲಾರೂ ಕೈ ಎತ್ತೋ ಹೊತ್ತಲ್ಲಿ
ಇವರು ಎತ್ತಬಾರ್ದು ಅಂತ."

ಇವರಿಗೆ, ಹೊಡೆದೆ. ಇವರಿಂದ, ಹೊಡೆದೆ.
ವಿಷಯ: ಯುದ್ದ ಬೇಡವೆನ್ನುವ ಕುರಿತು.
ಉಲ್ಲೇಖ, ಎಂದು ಹೊಡೆದು ಕೈ ನಿಂತಿತು.
ಹಳೆಯ ಕಾಗದದ ನಂಬರು, ತಾರೀಕು ಬೇಕಲ್ಲ ಆ ಜಾಗಕ್ಕೆ?
"ಹಿಂದೆ ಯಾವುದಾದರೂ ಕೊಟ್ಟಿದ್ದೀರಾ?"
ಗಂಜಾಮಿನ ಖಮರುನ್ನೀಸಾ ಹೊಳೆಯ ಕಡೆ ಗದ್ದ ತಿರುವಿದಳು.
"ಅಲ್ಲಿಲ್ವಾ, ಕೋಟೆ ಒಡೆದಿರೋ ಜಾಗ. ಅದನ್ನೇ ಬರ್ಕೊ.
ಇನ್ನೂರು ವರ್ಷ ದಾಟ್ತು, ಯಾರೂ ಮುಚ್ಚಿಲ್ಲ.
ನನ್ನ ಆಡು ದಿನಾ ಅದ್ರಲ್ಲೇ ನುಗ್ಗಿ ಬರ್ತವೆ."
ಬರೆದೆ. ತಾರೀಕಿನ ಜಾಗ ಖಾಲಿ ಬಿಟ್ಟೆ.

ಆಮೇಲೆ ಒಂಬತ್ತು ದಿನ ಹಾಳೆಗಳು ಊರೂರು ತಿರುಗಿದವು.
ಕಿರಂಗೂರಿನ ಆಲೆಮನೆಯಿಂದ ಬಂದ ಹಾಳೆಯಲ್ಲಿ
ಹೆಬ್ಬೆಟ್ಟಿಗೆ ಶಾಯಿಗಿಂತ ಪಾಕವೇ ಹೆಚ್ಚು,
ಮೇಜಿನ ಕಾಲು ಹತ್ತಿ ಇರುವೆ ಸಾಲು ಬಂತು.
ಮಾಜಿ ಹವಾಲ್ದಾರ್ ತಮ್ಮಣ್ಣಯ್ಯ ಕನ್ನಡಕ ಏರಿಸಿ
ಎರಡು ಸಲ ಓದಿದ, ಸಹಿ ಮಾತ್ರ ಹಾಕಲಿಲ್ಲ.
ಕಾರ್ಬನ್ ಹಾಳೆಗಿರಲಿ ಎಂದು ನೂರರ ನೋಟು
ಸ್ಟೇಪ್ಲರಿನ ಕೆಳಗಿಟ್ಟು ಹೋದ.
ಪಾಲಹಳ್ಳಿ ನಂಜಾಮಣಿ ಎರಡು ಹೆಬ್ಬೆಟ್ಟು ಒತ್ತಿದಳು,
ಎರಡನೆಯದು ಲೇಹ್‌ನಲ್ಲಿರುವ ಮಗನದಂತೆ.
"ಹಾಗೆ ನಡೆಯಲ್ಲ ಕಣಕ್ಕ, ಅವನೇ ಒತ್ತಬೇಕು."
"ಅವನ ಬೆರಳು ಮಾಡಿದ್ದು ಯಾರು?" ಎಂದಳು.
ಕಾನೂನಿನಲ್ಲಿ ಇದಕ್ಕೆ ಉತ್ತರ ಇರಬಹುದು.
ನನಗೆ ಗೊತ್ತಿಲ್ಲ. ಪಕ್ಕಕ್ಕೆ 'ಪರವಾಗಿ' ಎಂದು ಹೊಡೆದೆ.

ಎಮ್ಮೆಲ್ಲೆ ಕಚೇರಿಯಲ್ಲಿ ಸಾಹೇಬರಿರಲಿಲ್ಲ,
ಮದುವೆ ಸೀಸನ್ನು.
ಇದ್ದ ಗುಮಾಸ್ತ ಹಾಳೆ ಮಗುಚಿ,
ಮೂಸಿ ನೋಡಿ (ಬೆಲ್ಲದ ವಾಸನೆ),
ಇದು ನಮ್ಮ ವ್ಯಾಪ್ತಿಗೆ ಬರಲ್ಲ ಎಂದ.
ಸಾವು ಬರುತ್ತಲ್ಲ ಸಾರ್, ಪೆಟ್ಟಿಗೆ ಇಲ್ಲಿಗೇ ಬರುತ್ತಲ್ಲ
ಎಂದು ಹಿಂದಿನಿಂದ ಯಾರೋ ಅಂದರು,
ಅವನಿಗೆ ಕೇಳಿಸಿತು, ಕೇಳಿಸಲಿಲ್ಲ.
ಕೆಂಪು ಪೆನ್ನು ತೆಗೆದು ಸುತ್ತು ಹಾಕಿದ.
"ಏನಮ್ಮ ಇದು, ಎಲ್ಲಾ ಕಡೆ ಮಹಾಪ್ರಾಣ ಹೋಗಿದೆ?"
ಆಲೆಮನೆ ಚನ್ನಮಾದ ಹೆಗಲ ಟವಲು ಕಂಕುಳಿಗಿಟ್ಟು
ತಣ್ಣಗೆ ಅಂದ:
"ಹೋಗ್ಬಾರ್ದು ಅಂತ್ಲೇ ಸ್ವಾಮಿ ನಾವು ಬಂದಿರೋದು."

ತಿದ್ದಿಕೊಡಿ ಎಂದ. ಜಗಲಿಯ ಮೆಟ್ಟಿಲಲ್ಲಿ ಕೂತೆ.
ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು
ಹೊಟ್ಟೆ ಸೀಳಿದ ಧ,
ನಾವೆಲ್ಲ ಸ್ಲೇಟಿನ ಮೇಲೆ ನಗುನಗುತ್ತ ಸೀಳಿದ್ದೆವು.
ಈಗ ನೀಲಿ ಪೆನ್ನು. ಹದಿನಾಲ್ಕು ಕಡೆ ಆ ಪದ.
ಒತ್ತಕ್ಷರ ಒಂದೊಂದನ್ನೂ ಹುಡುಕಿ
ಕೆಳಗಿನಿಂದ ಒಂದು ಗೀಟು, ಸಣ್ಣದು,
ಸರಿಯಾದ ಕನ್ನಡಕ್ಕೆ ಬೇಕಾದಷ್ಟು.
ಹನ್ನೊಂದನೆಯದಕ್ಕೆ ನಂಜಾಮಣಿ ನನ್ನ ಮಣಿಕಟ್ಟು ಹಿಡಿದಳು.
ಅವಳಿಗೆ ಓದಲು ಬರುವುದಿಲ್ಲ.
"ಸಾಕು ಬುಡು," ಎಂದಳು.

ಮೂರು ಹಾಗೇ ಉಳಿದವು.
ಗುಮಾಸ್ತ ಲೆಕ್ಕ ಹಾಕಲಿಲ್ಲ, ಮೊಹರು ಗುದ್ದಿದ.
ತಾರೀಕು ನಿನ್ನೆಯದಿತ್ತು.
ಕಡತದ ಅಂಚಿನಿಂದ ಒಂದು ಇರುವೆ ಹೊರಬಿದ್ದು
ಸಾಹೇಬರ ಖಾಲಿ ಕುರ್ಚಿಯ ಕಡೆಗೆ
ನಡೆಯತೊಡಗಿತು.